ಫೋನ್‌ಗೆ ವೈಫೈ ಸರಿ ಇದೆ, ಲ್ಯಾಪ್‌ಟಾಪ್‌ಗೆ ಮಾತ್ರ ಪದೇ ಪದೇ ಕಟ್ ಆಗುತ್ತದೆ. ಏನು ಮಾಡಲಿ?

ಸಂಜೆಪಾಳಿ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಕೇಳುತ್ತಿದ್ದೇನೆ. ಮನೆಯ ವೈಫೈಗೆ ಲ್ಯಾಪ್‌ಟಾಪ್ ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿರುತ್ತದೆ, ಆಮೇಲೆ ಕಟ್. ಕೆಲವು ಸಲ ತಾನಾಗಿಯೇ ಮತ್ತೆ ಸೇರಿಕೊಳ್ಳುತ್ತದೆ, ಕೆಲವು ಸಲ ನಾನೇ ವೈಫೈ ಆಫ್ ಮಾಡಿ ಆನ್ ಮಾಡಬೇಕು. ಮೀಟಿಂಗ್ ಮಧ್ಯದಲ್ಲಿ ಹೀಗಾದರೆ ಕೆಲಸ ಮಾಡುವುದು ಹೇಗೆ? ಪಕ್ಕದಲ್ಲೇ ಇಟ್ಟಿರುವ ಫೋನ್ ಅದೇ ವೈಫೈನಲ್ಲಿ ಆರಾಮಾಗಿ ವಿಡಿಯೋ ಓಡಿಸುತ್ತಿರುತ್ತದೆ. ಇಂಟರ್ನೆಟ್ ಕೊಟ್ಟವರನ್ನು ಕೇಳಿದರೆ ನಮ್ಮ ಕಡೆ ಎಲ್ಲ ಸರಿ ಇದೆ ಅನ್ನುತ್ತಾರೆ. ಫೋನ್ ನೋಡಿದರೆ ಅದೂ ನಿಜ ಅನ್ನಿಸುತ್ತದೆ.

ವಿಂಡೋಸ್ 11. ಲ್ಯಾಪ್‌ಟಾಪ್ ತೀರಾ ಹಳೆಯದೇನಲ್ಲ. ಸಿಗ್ನಲ್ ಯಾವಾಗಲೂ ಫುಲ್ ತೋರಿಸುತ್ತದೆ. ರೂಟರ್ ಹಾಲ್‌ನಲ್ಲಿದೆ, ನನ್ನ ಮೇಜು ಪಕ್ಕದ ರೂಮಿನಲ್ಲಿದೆ. ರೂಟರ್ ಆಫ್-ಆನ್, ಲ್ಯಾಪ್‌ಟಾಪ್ ರೀಸ್ಟಾರ್ಟ್, ವೈಫೈ ಹೆಸರು ತೆಗೆದು ಮತ್ತೆ ಪಾಸ್‌ವರ್ಡ್ ಹಾಕುವುದು, ಇಷ್ಟೆಲ್ಲ ಆಯಿತು. ಇದಕ್ಕೆ ಸಂಬಂಧ ಇದೆಯೋ ಇಲ್ಲವೋ, ವೈರ್‌ಲೆಸ್ ಮೌಸ್ ಕೂಡ ಆಗಾಗ ತಡವರಿಸುತ್ತದೆ. ಅದರ ಬ್ಯಾಟರಿ ಹೊಸದು. ವಿಂಡೋಸನ್ನೇ ಹೊಸದಾಗಿ ಹಾಕಬೇಕಾ? ಸಾಧ್ಯವಾದರೆ ಅದೊಂದು ಬೇಡ.

ಒಂದೇಏಟು
ನೆಟ್‌ವರ್ಕ್ ರೀಸೆಟ್ ಮಾಡಿ ಗುರು. ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್, ಅಡ್ವಾನ್ಸ್ಡ್, ಕೊನೆಯಲ್ಲಿ ನೆಟ್‌ವರ್ಕ್ ರೀಸೆಟ್ ಅಂತ ಇರುತ್ತದೆ. ಮುಗಿಯಿತು.

ಶೂನ್ಯಒಂದು
ಒಂದು ನಿಮಿಷ ತಡೀರಿ. ನೆಟ್‌ವರ್ಕ್ ರೀಸೆಟ್ ಮಾಡಿದರೆ ಉಳಿಸಿಟ್ಟ ಎಲ್ಲ ವೈಫೈ ಪಾಸ್‌ವರ್ಡ್ ಹೋಗುತ್ತವೆ. ಆಫೀಸಿನ ವಿಪಿಎನ್ ಇದ್ದರೆ ಅದನ್ನೂ ಮತ್ತೆ ಹಾಕಬೇಕಾಗಬಹುದು. ಕಾರಣ ಗೊತ್ತಾಗುವ ಮೊದಲೇ ಅದು ಬೇಡ.

ಸಂಜೆಪಾಳಿ ಅವರೇ, ಮೊದಲು ಇದನ್ನು ಹೇಳಿ. ಕಟ್ ಆದಾಗ ಕೆಳಗಿನ ಮೂಲೆಯ ವೈಫೈ ಚಿಹ್ನೆ ಹೋಗಿಬಿಡುತ್ತದಾ, ಅಥವಾ ವೈಫೈ ಇದ್ದಂತೆಯೇ ಇದ್ದು ಇಂಟರ್ನೆಟ್ ಇಲ್ಲ ಅನ್ನುತ್ತದಾ? ಎರಡೂ ಬೇರೆ ಬೇರೆ ರೋಗ. ಚಿಹ್ನೆಯನ್ನೇ ನಂಬುವುದೂ ಬೇಡ, ಪಿಂಗ್ (ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರ ಎಷ್ಟು ಬೇಗ ಬರುತ್ತದೆ ಅಂತ ಅಳೆಯುವುದು) ಹಾಕಿ ನೋಡಿ. ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ ರೂಟರ್ ವಿಳಾಸಕ್ಕೆ ಪಿಂಗ್. ಅದು 192.168.1.1 ಅಥವಾ 192.168.0.1 ಇರಬಹುದು, ಐಪಿಕಾನ್‌ಫಿಗ್ ಅಂತ ಹಾಕಿದರೆ ಡೀಫಾಲ್ಟ್ ಗೇಟ್‌ವೇ ಎದುರು ಸಿಗುತ್ತದೆ. ಇನ್ನೊಂದರಲ್ಲಿ 8.8.8.8ಕ್ಕೆ, ಅಂದರೆ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್‌ಗೆ, ಪಿಂಗ್. ಎರಡರ ಕೊನೆಯಲ್ಲೂ ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ ನಿಲ್ಲದೆ ಓಡುತ್ತದೆ. ಕಟ್ ಆದಾಗ ರೂಟರ್ ಪಿಂಗ್ ಸರಿ ಇದ್ದು 8.8.8.8 ಮಾತ್ರ ನಿಂತರೆ ತೊಂದರೆ ರೂಟರ್‌ನಿಂದ ಆಚೆಗೆ. ರೂಟರ್ ಪಿಂಗೇ ನಿಂತರೆ ತೊಂದರೆ ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆ. ಎರಡೂ ಸರಿ ಇದ್ದೂ ವೆಬ್‌ಸೈಟ್ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಕಡೆ ನೋಡಬೇಕು.

ಮಳೆಹನಿ
ನನಗೂ ಇದೇ ಆಗಿತ್ತು. ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವೈಫೈ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್. ಅಲ್ಲಿ ಪವರ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ನನ್ನದು ಅವತ್ತೇ ಸರಿಹೋಯಿತು.

ಹಳೇಮಾನಿಟರ್
ಕೇಬಲ್ ಎಳೆಯಿರಿ. ಕೂತು ಕೆಲಸ ಮಾಡುವ ಜಾಗಕ್ಕೆ ವೈಫೈ ಯಾಕೆ ಬೇಕು?

ಮಳೆಹನಿ
@ಹಳೇಮಾನಿಟರ್ ಎಲ್ಲರ ಮನೆಯಲ್ಲೂ ಗೋಡೆ ಕೊರೆಯಲು ಆಗುವುದಿಲ್ಲ ಸರ್. ಬಾಡಿಗೆ ಮನೆಯವರು ಏನು ಮಾಡಬೇಕು?

ಹಳೇಮಾನಿಟರ್
ಕೊರೆಯಬೇಕಾಗಿಲ್ಲ. ಚಪ್ಪಟೆ ಕೇಬಲ್ ಸಿಗುತ್ತದೆ, ಬಾಗಿಲ ಕೆಳಗೆ ಹೋಗುತ್ತದೆ. ಪೂರ್ತಿ ಬದಲಾಯಿಸಿ ಅನ್ನುತ್ತಿಲ್ಲ. ಒಂದು ದಿನ ಕೇಬಲ್ ಹಾಕಿ ನೋಡಿದರೂ ಸಾಕು, ತಪ್ಪು ವೈಫೈದೋ ಬೇರೆಯದೋ ಗೊತ್ತಾಗುತ್ತದೆ. ಕೇಬಲ್‌ನಲ್ಲೂ ಕಟ್ ಆದರೆ ವೈಫೈ ಸೆಟ್ಟಿಂಗ್ ತಿರುಗಿಸುವುದೆಲ್ಲ ಸುಮ್ನೆ ಕಾಲಹರಣ, ಅಲ್ವಾ?

ಶೂನ್ಯಒಂದು
ಹಳೇಮಾನಿಟರ್ ಹೇಳಿದ್ದು ಪರೀಕ್ಷೆಗೆ ಒಳ್ಳೆಯ ದಾರಿ. ಒಪ್ಪುತ್ತೇನೆ.

ಪೆಂಗ್ವಿನ್‌ಗೆಳೆಯ
ಲಿನಕ್ಸ್‌ನಲ್ಲಿ ಇದೇ ಕಷ್ಟ ಇರುವವರಿಗೆ: ಅಲ್ಲೂ ವೈಫೈ ಪವರ್ ಸೇವ್ ಮೊದಲ ಅನುಮಾನ. ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫಿಗ್ ಕಡತದಲ್ಲಿ ವೈಫೈ ಪವರ್‌ಸೇವ್ ಎದುರು 3 ಇದ್ದರೆ ಅದು ಆನ್ ಅಂತ. 2 ಮಾಡಿದರೆ ಆಫ್. ಕರ್ನಲ್ ಲಾಗ್ (ಲಿನಕ್ಸ್ ಬರೆದಿಡುವ ಒಳಗಿನ ದಾಖಲೆ) ನೋಡಿದರೆ ಕಡಿತಕ್ಕೆ ಕಾರಣದ ಸಂಖ್ಯೆಯೂ ಸಿಗುತ್ತದೆ. 3 ಅಂದರೆ ಹೊರಡುವ ಕಡೆಯವರೇ ಬಿಟ್ಟುಹೋಗಿದ್ದು. 4 ಅಂದರೆ ಸದ್ದಿಲ್ಲದೆ ಇದ್ದ ಕಾರಣಕ್ಕೆ ತೆಗೆದುಹಾಕಿದ್ದು. 15 ಅಂದರೆ ಕೀ ವಿನಿಮಯ ಸಮಯಕ್ಕೆ ಮುಗಿಯಲಿಲ್ಲ. ಒಂದು ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಆದಂತೆ.

ಸಂಜೆಪಾಳಿ
ಇಷ್ಟು ಬೇಗ ಇಷ್ಟು ಉತ್ತರ! ಎಲ್ಲರಿಗೂ ಥ್ಯಾಂಕ್ಸ್.

ಮಳೆಹನಿ ಅವರೇ, ನನ್ನ ಡಿವೈಸ್ ಮ್ಯಾನೇಜರ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಟ್ಯಾಬೇ ಇಲ್ಲ. ಜನರಲ್, ಅಡ್ವಾನ್ಸ್ಡ್, ಡ್ರೈವರ್ ಇವೆಲ್ಲ ಇವೆ, ಅದೊಂದು ಇಲ್ಲ.

ಶೂನ್ಯಒಂದು ಅವರೇ, ಪಿಂಗ್ ಹಾಕಿ ಕೂತಿದ್ದೆ. ಕಟ್ ಆದಾಗ ಎರಡೂ ನಿಂತವು. ನಿಲ್ಲುವ ಮೊದಲು ರೂಟರ್ ಪಿಂಗ್ 3, 4 ಮಿಲಿಸೆಕೆಂಡ್ ಇದ್ದದ್ದು ಏಕಾಏಕಿ 200, 600, 1400 ಅಂತ ಏರಿತು. ಆಮೇಲೆ ರಿಕ್ವೆಸ್ಟ್ ಟೈಮ್ಡ್ ಔಟ್. ಅಷ್ಟು ಹೊತ್ತೂ ಸಿಗ್ನಲ್ ಫುಲ್ ಇತ್ತು!

ಶೂನ್ಯಒಂದು
ಇದು ಒಳ್ಳೆಯ ಸುಳಿವು. ತೊಂದರೆ ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆಯೇ ಇದೆ. ಇಂಟರ್ನೆಟ್ ಕೊಟ್ಟವರನ್ನು ಬಿಟ್ಟುಬಿಡಿ.

ಆ ಟ್ಯಾಬ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಕಡೆ ಇರುವುದಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ (ಫೋನ್‌ನಂತೆ ಅರೆನಿದ್ದೆಯಲ್ಲಿರುವ ವ್ಯವಸ್ಥೆ) ಇರುವ ಯಂತ್ರಗಳಲ್ಲಿ ವಿಂಡೋಸ್ ಅದನ್ನು ತಾನೇ ನೋಡಿಕೊಳ್ಳುತ್ತದೆ.

ಈಗ ವಿಂಡೋಸ್‌ನ ವೈಫೈ ವರದಿ ತೆಗೆಯಿರಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೆಟ್‌ಶ್, ಡಬ್ಲ್ಯುಲ್ಯಾನ್, ಶೋ, ಡಬ್ಲ್ಯುಲ್ಯಾನ್‌ರಿಪೋರ್ಟ್, ಈ ನಾಲ್ಕು ಪದ ಇದೇ ಸಾಲಿನಲ್ಲಿ ಹಾಕಿ ಎಂಟರ್ ಒತ್ತಿ. ಬ್ರೌಸರ್‌ನಲ್ಲಿ ತೆರೆಯುವ ಒಂದು ಕಡತ ತಯಾರಾಗುತ್ತದೆ. ಹಿಂದಿನ 3 ದಿನದ ಸಂಪರ್ಕವೆಲ್ಲ ಗ್ರಾಫ್‌ನಲ್ಲಿರುತ್ತದೆ. ಎಷ್ಟು ಗಂಟೆಗೆ ಕಟ್ ಆಯಿತು, ಏನು ಕಾರಣ ಕೊಟ್ಟಿದೆ, ಎರಡನ್ನೂ ನೋಡಿ. ಸಮಯ ಬಹಳ ಮುಖ್ಯ. ಯಾವ ಗಂಟೆಗೆ, ಯಾವ ಜಾಗದಲ್ಲಿ, ಆಗ ಬೇರೆ ಏನು ಓಡುತ್ತಿತ್ತು. ಸೆಟ್ಟಿಂಗ್ ಮುಟ್ಟುವುದು ಆಮೇಲೆ.

ಗಡಿಯಾರ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ಸಮಯದ ಮಾತು ಬಂತಲ್ಲ, ಅದಕ್ಕೆ. ನನ್ನ ಲ್ಯಾಪ್‌ಟಾಪ್ ಸರಿಯಾಗಿ ಒಂದು ಗಂಟೆಗೊಮ್ಮೆ ಕಟ್ ಆಗುತ್ತದೆ. ಹತ್ತೂ ಹನ್ನೆರಡಕ್ಕೆ ಆದರೆ ಮುಂದಿನದು ಹನ್ನೊಂದೂ ಹನ್ನೆರಡಕ್ಕೆ. ಇದು ಏನು?

ಪೆಂಗ್ವಿನ್‌ಗೆಳೆಯ
@ಗಡಿಯಾರ ನಿಮ್ಮದು ಬೇರೆ ಕಥೆ. ಅಷ್ಟು ಕರಾರುವಾಕ್ಕಾಗಿ ಆಗುತ್ತಿದ್ದರೆ ಗ್ರೂಪ್ ಕೀ ಕಡೆ ನೋಡಿ. ವೈಫೈನಲ್ಲಿ ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಸಂದೇಶಗಳಿಗೆ ಒಂದು ಸಾಮಾನ್ಯ ಕೀ ಇರುತ್ತದೆ. ರೂಟರ್ ಅದನ್ನು ಆಗಾಗ ಬದಲಿಸುತ್ತದೆ. ಬಹಳ ರೂಟರ್‌ಗಳಲ್ಲಿ ಈ ಅವಧಿ 3600 ಸೆಕೆಂಡ್ ಇರುತ್ತದೆ. ಹೊಸ ಕೀ ಕಳಿಸಿದಾಗ ಲ್ಯಾಪ್‌ಟಾಪ್ ಉತ್ತರ ಕೊಡದಿದ್ದರೆ ರೂಟರ್ ಅದನ್ನು ಹೊರಗೆ ಹಾಕುತ್ತದೆ. ವೈಫೈ ಚಿಪ್ ಪವರ್ ಉಳಿಸಲು ಅರೆನಿದ್ದೆಯಲ್ಲಿದ್ದಾಗ, ಅಥವಾ ಡ್ರೈವರ್‌ನಲ್ಲಿ (ಆ ಚಿಪ್ ನಡೆಸುವ ತಂತ್ರಾಂಶ) ದೋಷ ಇದ್ದಾಗ ಹೀಗಾಗುತ್ತದೆ. ರೂಟರ್ ಲಾಗ್‌ನಲ್ಲಿ ಕಾರಣ ಸಂಖ್ಯೆ 16 ಕಂಡರೆ ಇದೇ ಅಂತ ಖಾತ್ರಿ.

ಒಂದೇಏಟು
ಹಾಗಾದರೆ ಆ ಕೀ ಬದಲಾಯಿಸುವುದನ್ನೇ ಆಫ್ ಮಾಡಿದರಾಯಿತು. 0 ಹಾಕಿದರೆ ಬಹಳ ರೂಟರ್‌ಗಳಲ್ಲಿ ನಿಂತುಹೋಗುತ್ತದೆ.

ಪೆಂಗ್ವಿನ್‌ಗೆಳೆಯ
ಆಫ್ ಮಾಡುವುದು ಬೇಡ. ಮನೆಗೆ ಬಂದು ಹೋದವರ ಸಾಧನದಲ್ಲಿ ಹಳೇ ಕೀ ಉಳಿದಿರುತ್ತದೆ, ಅದಕ್ಕೇ ಬದಲಾಯಿಸುವುದು. ಮೊದಲು ಲ್ಯಾಪ್‌ಟಾಪ್ ತಯಾರಿಸಿದವರ ಸೈಟಿನಿಂದ ಡ್ರೈವರ್ ಅಪ್‌ಡೇಟ್, ಆಮೇಲೆ ರೂಟರ್ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ). ಆಗಲೂ ಸರಿಹೋಗದಿದ್ದರೆ ಅವಧಿಯನ್ನು ಹೆಚ್ಚಿಸಿ. ಪೂರ್ತಿ ನಿಲ್ಲಿಸಬೇಡಿ.

ತಂತಿತುದಿ
ರಿಪೇರಿ ಕೆಲಸದವನು ನಾನು. ಒಂದು ಪ್ರಶ್ನೆ, ಈ ಲ್ಯಾಪ್‌ಟಾಪನ್ನು ಇತ್ತೀಚೆಗೆ ಯಾರಾದರೂ ಬಿಚ್ಚಿದ್ದಾರಾ? ಧೂಳು ತೆಗೆಯಲು, ಸ್ಕ್ರೀನ್ ಅಥವಾ ಹಿಂಜ್ ಬದಲಿಸಲು?

ಬಹಳ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಸ್ಕ್ರೀನಿನ ಅಂಚಿನಲ್ಲಿರುತ್ತದೆ. ಅಲ್ಲಿಂದ ಎರಡು ಸಣ್ಣ ತಂತಿ ಹಿಂಜ್ ಒಳಗಿಂದ ಇಳಿದು ಬಂದು ವೈಫೈ ಕಾರ್ಡಿಗೆ ಕೂರುತ್ತವೆ. ಸಾಮಾನ್ಯವಾಗಿ ಒಂದು ಕಪ್ಪು, ಒಂದು ಬಿಳಿ ಅಥವಾ ಬೂದು. ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡನೆ ಪಿನ್. ಸರಿಯಾಗಿ ಕೂತರೆ ಟಿಕ್ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಅರ್ಧ ಕೂತಿದ್ದರೆ ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಸ್ಕ್ರೀನ್ ಹಿಂದೆ ಮುಂದೆ ಮಾಡಿದಾಗ ವೈಫೈ ಬಂದು ಹೋಗುತ್ತದೆ. ಒಬ್ಬರು ಇದೇ ಕಾರಣಕ್ಕೆ ಹೊಸ ರೂಟರ್ ತಂದಿದ್ದರು. ನಾನು ಬಿಚ್ಚಿದಾಗ ಒಂದು ತಂತಿ ಕಾರ್ಡಿನ ಪಕ್ಕದಲ್ಲಿ ಸುಮ್ನೆ ಮಲಗಿತ್ತು.

ಸಂಜೆಪಾಳಿ
ಇಲ್ಲ ಸರ್, ಒಮ್ಮೆಯೂ ಬಿಚ್ಚಿಲ್ಲ. ಸ್ಕ್ರೀನ್ ಆಡಿಸಿ ನೋಡಿದೆ, ಪಿಂಗ್‌ನಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ.

ತಂತಿತುದಿ
ಹಾಗಾದರೆ ಅದಲ್ಲ. ಮುಚ್ಚೇ ಇರಲಿ, ಬಿಚ್ಚಬೇಡಿ.

ಬೀದಿದೀಪ
ಅಕ್ಕಪಕ್ಕದ ವೈಫೈ ಎಷ್ಟಿವೆ ನೋಡಿದಿರಾ? ಅಪಾರ್ಟ್‌ಮೆಂಟ್ ಆದರೆ ಇದೇ ಕಾರಣ ಇರಬಹುದು. ವೈಫೈನ ಒಂದು ರೇಡಿಯೋ ಬ್ಯಾಂಡ್ ಆದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11 ಮಾತ್ರ. ಚಾನೆಲ್‌ಗಳ ನಡುವೆ ಅಂತರ 5 ಮೆಗಾಹರ್ಟ್ಸ್, ಆದರೆ ಒಂದೊಂದು ವೈಫೈ ತುಂಬಿಕೊಳ್ಳುವ ಜಾಗ 20 ಮೆಗಾಹರ್ಟ್ಸ್. ಹಾಗಾಗಿ 3ರಲ್ಲಿ ಕೂತವರು 1ರವರಿಗೂ 6ರವರಿಗೂ ತೊಂದರೆ ಕೊಡುತ್ತಾರೆ. ವೇಗ ಸಿಗಲಿ ಅಂತ 2.4ರಲ್ಲಿ 40 ಮೆಗಾಹರ್ಟ್ಸ್ ಅಗಲ ಇಟ್ಟುಕೊಳ್ಳುವವರಂತೂ ಅರ್ಧಕ್ಕಿಂತ ಜಾಸ್ತಿ ರಸ್ತೆ ಹಿಡಿದಿರುತ್ತಾರೆ. ಅಗಲ 20ಕ್ಕೆ ಇಳಿಸಿ, ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ.

ಶೂನ್ಯಒಂದು
@ಬೀದಿದೀಪ ಸರಿಯೇ. ಆದರೆ ಅಕ್ಕಪಕ್ಕದ ಗದ್ದಲ ಫೋನ್‌ಗೂ ತಟ್ಟಬೇಕಲ್ಲ? ಫೋನ್ ಮೇಜಿನ ಮೇಲೇ ಇದೆ ಅಂತ ಹೇಳಿದ್ದಾರೆ.

ಬೀದಿದೀಪ
ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ? ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದರೆ ಯಾವುದು ಎಲ್ಲಿದೆ ಅಂತ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ.

ಸಂಜೆಪಾಳಿ
ವರದಿ ತೆಗೆದೆ. ನೋಡಿದ್ದನ್ನು ಹೇಳುತ್ತೇನೆ.

ಕಡಿತಕ್ಕೆ ಕಾರಣ ಬಹಳಷ್ಟು ಕಡೆ ಡ್ರೈವರ್ ಸಂಪರ್ಕ ಕಡಿದಿದೆ ಅಂತ ಇದೆ. ಸಮಯಕ್ಕೆ ಕ್ರಮ ಇಲ್ಲ, ಆದರೆ ಹೆಚ್ಚಿನವು ಸಂಜೆ ಮೇಲೆ. ಬೆಳಿಗ್ಗೆ ಹಾಲ್‌ನಲ್ಲಿ ಸೋಫಾ ಮೇಲೆ ಕೂತು ಕೆಲಸ ಮಾಡಿದಾಗ ಒಂದೂ ಇಲ್ಲ. ಮಂಚದ ಮೇಲೆ ಕೂತಾಗಲೂ ಇಲ್ಲ, ಅದು ಮೇಜಿಗಿಂತ ರೂಟರ್‌ಗೆ ಇನ್ನೂ ದೂರ! ಮೇಜಿನ ಹತ್ತಿರ ಕೂತಾಗ ಮಾತ್ರ ಹೀಗಾಗುತ್ತದೆ.

ವೈಫೈ ಪ್ರಾಪರ್ಟೀಸ್‌ನಲ್ಲಿ ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್, ಚಾನೆಲ್ 6 ಅಂತ ತೋರಿಸುತ್ತಿದೆ. ಬೀದಿದೀಪ ಹೇಳಿದಂತೆ ಫೋನ್ 5ರಲ್ಲಿದೆ. ಎರಡಕ್ಕೂ ಹೆಸರು ಒಂದೇ.

ಒಂದೇಏಟು
ನೋಡಿ, ಡ್ರೈವರ್ ಅಂತ ಅದೇ ಹೇಳುತ್ತಿದೆ! ಡ್ರೈವರ್ ತೆಗೆದು ಹಾಕಿ. ಇಷ್ಟು ತನಿಖೆ ಯಾಕೆ?

ಶೂನ್ಯಒಂದು
ಆ ಸಾಲಿನ ಅರ್ಥ ಸಂಪರ್ಕ ಹೋಗಿದೆ ಅಂತ ವಿಂಡೋಸ್‌ಗೆ ತಿಳಿಸಿದ್ದು ಡ್ರೈವರ್ ಅಂತ ಅಷ್ಟೇ. ರೂಟರ್ ಮಾತು ಕೇಳಿಸದೇ ಹೋದರೂ ಡ್ರೈವರ್ ಅದನ್ನೇ ಹೇಳುತ್ತದೆ. ತಪ್ಪು ಡ್ರೈವರ್‌ದೇ ಆಗಿದ್ದರೆ ಮಂಚದ ಮೇಲೂ ಕಟ್ ಆಗಬೇಕಿತ್ತು. ಮಂಚಕ್ಕೂ ಮೇಜಿಗೂ ಡ್ರೈವರ್ ಬದಲಾಗುವುದಿಲ್ಲವಲ್ಲ.

ನೀಲಿಹಕ್ಕಿ
ಮೊದಲ ಪೋಸ್ಟ್‌ನಲ್ಲಿ ಮೌಸ್ ತಡವರಿಸುತ್ತದೆ ಅಂದಿದ್ದೀರಿ, ಅದನ್ನು ಯಾರೂ ಕೇಳಲೇ ಇಲ್ಲ. ವೈರ್‌ಲೆಸ್ ಮೌಸ್ ಕೂಡ 2.4 ಗಿಗಾಹರ್ಟ್ಸ್. ವೈಫೈ ಹೋಗುವ ಹೊತ್ತಿಗೇ ಮೌಸ್ ತಡವರಿಸುತ್ತದಾ? ಮೇಜಿನ ಹತ್ತಿರ ಲ್ಯಾಪ್‌ಟಾಪ್‌ಗೆ ಏನೇನು ಸಿಕ್ಕಿಸುತ್ತೀರಿ? ಎಲ್ಲವನ್ನೂ ಹೇಳಿ, ಚಾರ್ಜರ್ ಕೂಡ.

ಸಂಜೆಪಾಳಿ
ಒಂದು ಯುಎಸ್‌ಬಿ ಹಬ್ ಇದೆ, ಟೈಪ್ ಸಿ ಪೋರ್ಟ್‌ಗೆ ಹಾಕುವುದು, ಗೇಣುದ್ದದ ಕೇಬಲ್. ಅದರಲ್ಲಿ ಮಾನಿಟರ್, ಮೌಸ್‌ನ ಚಿಕ್ಕ ರಿಸೀವರ್, ಹೊರಗಿನ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್‌ಗೆ ಸಂಜೆ ಬ್ಯಾಕಪ್ ತಾನಾಗಿಯೇ ಶುರುವಾಗುತ್ತದೆ. ಮೌಸ್ ರಿಸೀವರ್ ಹಾರ್ಡ್ ಡಿಸ್ಕ್‌ಗೆ ಅಂಟಿಕೊಂಡಂತೆ ಪಕ್ಕದ ಪೋರ್ಟ್‌ನಲ್ಲೇ ಇದೆ. ಮೌಸ್ ಮತ್ತು ವೈಫೈ ಒಟ್ಟಿಗೇ ಹೋಗುತ್ತವಾ ಅಂತ ಇವತ್ತು ಗಮನಿಸುತ್ತೇನೆ.

ನೀಲಿಹಕ್ಕಿ
ಬಹುಶಃ ಸಿಕ್ಕಿತು.

ಯುಎಸ್‌ಬಿ 3.0 ತಂತಿಯಲ್ಲಿ ಡೇಟಾ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆಗ ಹೊರಬೀಳುವ ರೇಡಿಯೋ ಗದ್ದಲ ಬಹಳ ಅಗಲವಾಗಿ ಹರಡಿರುತ್ತದೆ. 2.4 ಗಿಗಾಹರ್ಟ್ಸ್ ಅದರ ಒಳಗೇ ಬರುತ್ತದೆ. ಪೋರ್ಟ್, ಪ್ಲಗ್, ಕೇಬಲ್, ಡಿಸ್ಕ್‌ನ ಡಬ್ಬಿ, ಎಲ್ಲೆಲ್ಲಿ ಕವಚ ಸಡಿಲ ಇದೆಯೋ ಅಲ್ಲಿಂದೆಲ್ಲ ಸೋರುತ್ತದೆ. ಹತ್ತಿರದಲ್ಲೇ ವೈಫೈ ಆಂಟೆನಾ ಇದ್ದರೆ ರೂಟರ್‌ನಿಂದ ಬರುವ ಸಿಗ್ನಲ್ ಆ ಗದ್ದಲದಲ್ಲಿ ಮುಳುಗುತ್ತದೆ. ಮಿಕ್ಸಿ ತಿರುಗುವಾಗ ಎದುರಿಗಿರುವವರು ಎಷ್ಟು ಗಟ್ಟಿಯಾಗಿ ಮಾತಾಡಿದರೂ ನಮಗೆ ಕೇಳುವುದಿಲ್ಲ, ಹಾಗೆ. ಸಿಗ್ನಲ್ ಫುಲ್ ತೋರಿಸುವುದು ಅದಕ್ಕೇ. ಆ ಗೆರೆಗಳು ಬರುವ ಸಿಗ್ನಲ್ ಎಷ್ಟು ಗಟ್ಟಿ ಅಂತ ಹೇಳುತ್ತವೆ, ಸುತ್ತ ಎಷ್ಟು ಗದ್ದಲ ಅಂತ ಹೇಳುವುದಿಲ್ಲ. ಪಿಂಗ್ 3ರಿಂದ 1400ಕ್ಕೆ ಏರಿದ್ದೂ ಅದಕ್ಕೇ. ಒಂದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಕೊನೆಗೆ ಕೈಬಿಡುತ್ತದೆ.

ಬ್ಯಾಕಪ್ ಓಡುವಾಗ ಡಿಸ್ಕ್ ಸತತವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಸಂಜೆ ಜಾಸ್ತಿ.

ಒಂದೇಏಟು
ಇದು ಸ್ವಲ್ಪ ಅತಿ ಆಯಿತು. ತಂತಿಯಲ್ಲಿ ಹೋಗುವ ಡೇಟಾ ವೈಫೈ ಕೆಡಿಸುತ್ತದಾ? ಹಾಗಿದ್ದರೆ ಪ್ರಪಂಚದ ಎಲ್ಲ ಲ್ಯಾಪ್‌ಟಾಪ್‌ಗೂ ಇದೇ ಆಗಬೇಕಿತ್ತು.

ನೀಲಿಹಕ್ಕಿ
ಅತಿ ಅಲ್ಲ ಗುರು. ಇಂಟೆಲ್ 2012ರಲ್ಲೇ ಇದರ ಬಗ್ಗೆ ತಾಂತ್ರಿಕ ವರದಿ ಹೊರತಂದಿದೆ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್ ಏರಿದ್ದನ್ನು ಅವರು ಅಳೆದಿದ್ದಾರೆ. 20 ಡೆಸಿಬೆಲ್ ಅಂದರೆ ನೂರು ಪಟ್ಟು. ವೈರ್‌ಲೆಸ್ ಮೌಸ್ ತಡವರಿಸುವ ವಿಷಯವೂ ಅದರಲ್ಲೇ ಇದೆ. ಎಲ್ಲರಿಗೂ ಯಾಕೆ ಆಗುವುದಿಲ್ಲ ಅಂದರೆ, ಕವಚ ಚೆನ್ನಾಗಿದ್ದು ಆಂಟೆನಾ ದೂರ ಇದ್ದರೆ ಗೊತ್ತೇ ಆಗುವುದಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಇರುವವರಿಗೂ ಅಷ್ಟು ತಟ್ಟುವುದಿಲ್ಲ.

ತಂತಿತುದಿ
ನೀಲಿಹಕ್ಕಿ ಹೇಳಿದ್ದು ನೂರಕ್ಕೆ ನೂರು ನಿಜ. ಮೌಸ್ ಹಾಳಾಗಿದೆ ಅಂತ ತರುವವರಿಗೆ ನಾನು ಮೊದಲು ಕೇಳುವುದೇ ರಿಸೀವರ್ ಯಾವ ಪೋರ್ಟ್‌ನಲ್ಲಿದೆ ಅಂತ. ಪಕ್ಕದ ಪೋರ್ಟ್‌ನಲ್ಲಿ ಪೆನ್ ಡ್ರೈವ್ ಇರುತ್ತದೆ. ಆಚೆ ಬದಿಗೆ ಹಾಕಿಕೊಟ್ಟರೆ ಸರಿಹೋಗುತ್ತದೆ.

ಹಳೇಮಾನಿಟರ್
ಕೇಬಲ್ ಹಾಕಿದ್ದರೆ ಇದೊಂದೂ ಇರುತ್ತಿರಲಿಲ್ಲ. ಇರಲಿ, ವಿಷಯ ಮಾತ್ರ ಚೆನ್ನಾಗಿದೆ, ಮುಂದುವರಿಸಿ.

ಸಂಜೆಪಾಳಿ
ನೋಡಿದೆ! ಪಿಂಗ್ ಓಡಿಸಿಟ್ಟು ಬ್ಯಾಕಪ್ ಕೈಯಾರೆ ಶುರು ಮಾಡಿದೆ. ಡಿಸ್ಕ್‌ನ ದೀಪ ಮಿನುಗಲು ಶುರುವಾದ ಕೂಡಲೇ ಮೌಸ್ ಬಾಣ ಕುಪ್ಪಳಿಸಿ ಕುಪ್ಪಳಿಸಿ ಹೋಯಿತು. ರೂಟರ್ ಪಿಂಗ್ 5ರಿಂದ 300, 800, ಆಮೇಲೆ ಟೈಮ್ಡ್ ಔಟ್. ಬ್ಯಾಕಪ್ ನಿಲ್ಲಿಸಿ ಡಿಸ್ಕ್ ತೆಗೆದೆ. ಪಿಂಗ್ ಮತ್ತೆ 4. ಮತ್ತೆ ಹಾಕಿದೆ, ಅದೇ ಕಥೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆದರೆ ಬ್ಯಾಕಪ್ ಬೇಕೇ ಬೇಕು. ಈಗ ಏನು ಮಾಡಲಿ?

ನೀಲಿಹಕ್ಕಿ
ಮೊದಲ ಕೆಲಸ, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ತನ್ನಿ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಅಡ್ವಾನ್ಸ್ಡ್ ಟ್ಯಾಬ್ ನೋಡಿ. ಪ್ರಿಫರ್ಡ್ ಬ್ಯಾಂಡ್ ಅಂತ ಇದ್ದರೆ 5 ಆರಿಸಿ. ಇಲ್ಲದಿದ್ದರೆ ರೂಟರ್‌ನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರಿಟ್ಟು ಲ್ಯಾಪ್‌ಟಾಪನ್ನು 5ರ ಹೆಸರಿಗೆ ಮಾತ್ರ ಸೇರಿಸಿ, 2.4ರ ಹೆಸರನ್ನು ಲ್ಯಾಪ್‌ಟಾಪ್‌ನಿಂದ ತೆಗೆದುಬಿಡಿ.

ಎರಡನೆಯದು, ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ಒಂದು ಮೊಳವಾದರೂ ದೂರ ಇಡಿ. ಮೌಸ್ ರಿಸೀವರನ್ನು ಹಬ್‌ನಿಂದ ತೆಗೆದು ಲ್ಯಾಪ್‌ಟಾಪ್‌ನ ಇನ್ನೊಂದು ಬದಿಗೆ ಹಾಕಿ. ಆ ಬದಿಯಲ್ಲಿ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಮೌಸ್ ಹತ್ತಿರಕ್ಕೇ ತನ್ನಿ.

ಬೀದಿದೀಪ
ಹೆಸರು ಬೇರೆ ಮಾಡುವುದಕ್ಕೆ ನನ್ನ ವಿರೋಧ ಇದೆ. ಒಂದೇ ಹೆಸರಿದ್ದರೆ ಸಾಧನ ತನಗೆ ಬೇಕಾದ ಕಡೆ ಹೋಗುತ್ತದೆ. ಬೇರೆ ಮಾಡಿದರೆ 5 ಸಿಗದ ಜಾಗದಲ್ಲಿ ವೈಫೈ ಪೂರ್ತಿ ಹೋಗುತ್ತದೆ. ಪ್ರಿಫರ್ಡ್ ಬ್ಯಾಂಡ್ ಸಿಕ್ಕರೆ ಅಷ್ಟಕ್ಕೇ ನಿಲ್ಲಿಸಿ.

ನೀಲಿಹಕ್ಕಿ
ಆ ಸಾಧನ ತನಗೆ ಬೇಕಾದದ್ದನ್ನು ಸರಿಯಾಗಿ ಆರಿಸಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ. ಪಕ್ಕದ ರೂಮಿಗೆ 5 ಸಿಗುತ್ತಿದ್ದರೂ 2.4ಕ್ಕೇ ಅಂಟಿಕೊಂಡಿತ್ತಲ್ಲ. ಆದರೂ ಪ್ರಿಫರ್ಡ್ ಬ್ಯಾಂಡ್ ಮೊದಲು ನೋಡಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ.

ಅಂಗಳ
ನಮ್ಮ ಮನೆಯಲ್ಲಿ ವೈಫೈ ಎಕ್ಸ್‌ಟೆಂಡರ್ ಇದೆ, ರೂಟರ್‌ನದೇ ಹೆಸರು. ಕೂತಲ್ಲೇ ಕೂತಿದ್ದರೂ ಲ್ಯಾಪ್‌ಟಾಪ್ ಅದಕ್ಕೂ ಇದಕ್ಕೂ ಹಾರುತ್ತಿರುತ್ತದೆ, ಪ್ರತಿ ಸಲ ಕರೆ ಕಟ್. ಇದಕ್ಕೂ ಇದೇ ಮದ್ದಾ?

ಶೂನ್ಯಒಂದು
@ಅಂಗಳ ಇಲ್ಲ, ಅದು ರೋಮಿಂಗ್. ಎರಡರ ಸಿಗ್ನಲ್ಲೂ ಹೆಚ್ಚುಕಡಿಮೆ ಸಮ ಇರುವ ಜಾಗದಲ್ಲಿ ನೀವು ಕೂತಿದ್ದೀರಿ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ರೋಮಿಂಗ್ ಅಗ್ರೆಸಿವ್‌ನೆಸ್ ಅಂತ ಇದ್ದರೆ ಮಧ್ಯದಿಂದ ಒಂದು ಹಂತ ಕೆಳಗೆ ಇಳಿಸಿ. ಇರುವುದನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಆತುರ ಕಡಿಮೆಯಾಗುತ್ತದೆ. ತೀರಾ ಕೆಳಗೆ ಇಳಿಸಿದರೆ ಮನೆಯೊಳಗೆ ಓಡಾಡುವಾಗ ದೂರದ ರೂಟರನ್ನೇ ಹಿಡಿದುಕೊಂಡು ಕೂರುತ್ತದೆ. ಎಕ್ಸ್‌ಟೆಂಡರ್ ಜಾಗ ಸ್ವಲ್ಪ ಸರಿಸಿದರೂ ಆಗಬಹುದು.

ಸಂಜೆಪಾಳಿ
ಪ್ರಿಫರ್ಡ್ ಬ್ಯಾಂಡ್ ಸಿಕ್ಕಿತು, 5ಕ್ಕೆ ಹಾಕಿದೆ. ಡಿಸ್ಕ್‌ಗೆ ಉದ್ದ ಕೇಬಲ್ ಹಾಕಿ ಮಾನಿಟರ್ ಹಿಂದೆ ಇಟ್ಟೆ. ಮೌಸ್ ರಿಸೀವರ್ ಲ್ಯಾಪ್‌ಟಾಪ್‌ನ ಬಲಬದಿಗೆ ಹೋಯಿತು. ಬ್ಯಾಕಪ್ ಓಡುವಾಗಲೂ ಪಿಂಗ್ 3, 4 ದಾಟುವುದಿಲ್ಲ, ಮೌಸ್ ನುಣ್ಣಗೆ ಓಡುತ್ತದೆ.

ಆದರೆ ಒಂದು ಹೊಸ ವಿಷಯ. ಅಪರೂಪಕ್ಕೆ ಒಮ್ಮೆ 5 ಗಿಗಾಹರ್ಟ್ಸ್ ಪೂರ್ತಿ ಮಾಯವಾಗುತ್ತದೆ, ಒಂದು ನಿಮಿಷ ಬಿಟ್ಟು ಬರುತ್ತದೆ. ಆಗ ಫೋನ್‌ಗೂ 5 ಸಿಗುವುದಿಲ್ಲ. ಮೊದಲು ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಫೋನ್ ತಾನೇ 2.4ಕ್ಕೆ ಹೋಗಿ ಬರುತ್ತಿತ್ತು ಅನ್ನಿಸುತ್ತದೆ.

ಬೀದಿದೀಪ
ಚಾನೆಲ್ ಎಷ್ಟು?

ಸಂಜೆಪಾಳಿ
100 ಅಂತ ಇತ್ತು. ಹೋಗಿ ಬಂದ ಮೇಲೆ 52.

ಬೀದಿದೀಪ
ಹಾಗಾದರೆ ಇದು ರಾಡಾರ್ ನಿಯಮ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 64, 100ರಿಂದ 144, ಈ ಚಾನೆಲ್‌ಗಳು ಹವಾಮಾನ ಮತ್ತು ಸೇನೆಯ ರಾಡಾರ್‌ಗಳಿಗೂ ಸೇರಿದವು. ರಾಡಾರ್‌ನಂಥದ್ದು ಕೇಳಿಸಿದರೆ ರೂಟರ್ ಕೂಡಲೇ ಜಾಗ ಖಾಲಿ ಮಾಡಬೇಕು, 30 ನಿಮಿಷ ಆ ಚಾನೆಲ್‌ಗೆ ವಾಪಸ್ ಬರುವಂತಿಲ್ಲ. ಹೋದ ಕಡೆಯೂ ಇದೇ ಥರದ ಚಾನೆಲ್ ಆದರೆ ಶುರು ಮಾಡುವ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ನೆ ಕೇಳಿಸಿಕೊಳ್ಳಬೇಕು. ನಿಮ್ಮ ಒಂದು ನಿಮಿಷ ಬಂದದ್ದು ಅಲ್ಲಿಂದ. ನಿಜವಾದ ರಾಡಾರೇ ಇರಬೇಕು ಅಂತಿಲ್ಲ, ರೂಟರ್ ತಪ್ಪು ತಿಳಿದುಕೊಳ್ಳುವುದೂ ಇದೆ.

ರೂಟರ್‌ನಲ್ಲಿ ಆಟೋ ತೆಗೆದು 36, 40, 44, 48ರಲ್ಲಿ ಒಂದನ್ನು ಹಾಕಿ. ಅವಕ್ಕೆ ಈ ಕಾಯುವ ನಿಯಮ ಇಲ್ಲ.

ಒಂದೇಏಟು
ಇದು ನನಗೂ ಹೊಸ ವಿಷಯ. ನಮ್ಮನೆ ರೂಟರ್ 116ರಲ್ಲಿದೆ, ಬದಲಾಯಿಸುತ್ತೇನೆ.

ಬೀದಿದೀಪ
@ಒಂದೇಏಟು ತೊಂದರೆ ಇಲ್ಲದಿದ್ದರೆ ಬದಲಿಸಬೇಡಿ. ಆ ಚಾನೆಲ್‌ಗಳಲ್ಲಿ ಜನ ಕಡಿಮೆ. ನಿಮಗೆ ಕಟ್ ಆಗುತ್ತಿಲ್ಲ ಅಂದರೆ ಅದೇ ಒಳ್ಳೆಯ ಜಾಗ.

ಗಡಿಯಾರ
ನನ್ನ ಗಂಟೆಗೊಮ್ಮೆ ಕಡಿತದ ಸುದ್ದಿ. ರೂಟರ್ ಲಾಗ್‌ನಲ್ಲಿ 16 ಅಂತಲೇ ಇತ್ತು. ವಿಂಡೋಸ್ ಅಪ್‌ಡೇಟ್ ಕೊಟ್ಟ ಡ್ರೈವರ್ ತೆಗೆದು ಲ್ಯಾಪ್‌ಟಾಪ್ ತಯಾರಿಸಿದವರ ಸೈಟಿನಲ್ಲಿದ್ದ ಡ್ರೈವರ್ ಹಾಕಿದೆ. ಬೆಳಿಗ್ಗೆಯಿಂದ ಒಮ್ಮೆಯೂ ಕಟ್ ಆಗಿಲ್ಲ. ಅವಧಿ 3600ರಲ್ಲೇ ಬಿಟ್ಟಿದ್ದೇನೆ. ಪೆಂಗ್ವಿನ್‌ಗೆಳೆಯ ಅವರಿಗೆ ದೊಡ್ಡ ನಮಸ್ಕಾರ.

ಪೆಂಗ್ವಿನ್‌ಗೆಳೆಯ
ಖುಷಿ ಆಯಿತು. ಡ್ರೈವರ್ ಕಡತವನ್ನು ಒಂದು ಕಡೆ ಉಳಿಸಿಟ್ಟುಕೊಳ್ಳಿ. ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಬದಲಿಸಿದರೆ ವೈಫೈ ಇಲ್ಲದೆಯೂ ವಾಪಸ್ ಹಾಕಬಹುದು.

ಸಂಜೆಪಾಳಿ
ಚಾನೆಲ್ 44ಕ್ಕೆ ಹಾಕಿದೆ, ಇವತ್ತಿನ ಉದ್ದ ಮೀಟಿಂಗ್ ಪೂರ್ತಿ ನಿಂತಿತು, ಬ್ಯಾಕಪ್ ಕೂಡ ಅದೇ ಹೊತ್ತಿಗೆ ಮುಗಿಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯದಾಗಿ ಒಂದು ಪ್ರಶ್ನೆ, ಹಬ್ ಬದಲಿಸಬೇಕಾ?

ತಂತಿತುದಿ
ಈಗಲೇ ಬೇಡ. ಮೊದಲು ಹಾರ್ಡ್ ಡಿಸ್ಕ್‌ನ ಹಳೇ ಚಿಕ್ಕ ಕೇಬಲ್ ಪಕ್ಕಕ್ಕಿಡಿ, ಮತ್ತೆ ಬಳಸಬೇಡಿ. ಪ್ಲಗ್ ಹತ್ತಿರ ಕವಚ ಬಿಟ್ಟಿದ್ದರೆ ಹೆಚ್ಚು ಸೋರುವುದು ಅಲ್ಲೇ. ಮುಂದೆ ಯಾವಾಗಲಾದರೂ ಹೊಸ ಹಬ್ ತೆಗೆದುಕೊಂಡರೆ ಲೋಹದ ಮೈ ಇರುವುದನ್ನು, ಕೇಬಲ್ ಉದ್ದ ಇರುವುದನ್ನು ನೋಡಿ. ಅದನ್ನು ಸ್ಕ್ರೀನ್ ಹಿಂಜ್ ಹತ್ತಿರ ಇಡಬೇಡಿ, ಆಂಟೆನಾ ತಂತಿ ಹಾದುಹೋಗುವುದು ಅಲ್ಲೇ.